ಪದ ಪರಿಚಯ: ಸೈಲೆನ್ಸರ್ ಸದ್ದನ್ನು ಅಡಗಿಸುವುದಿಲ್ಲ, ತಗ್ಗಿಸುತ್ತದೆ

ಅಮೆರಿಕದ ಬಂದೂಕು ಕಾನೂನಿನ ಕುರಿತ ಕನ್ನಡ ವರದಿಯೊಂದರಲ್ಲಿ, ಸೈಲೆನ್ಸರ್ ಹಾಕಿದ ಬಂದೂಕಿಗೆ ‘ನಿಶ್ಶಬ್ದ ಬಂದೂಕು’ ಎಂಬ ಪ್ರಯೋಗವನ್ನು ಮೊನ್ನೆ ಮತ್ತೊಮ್ಮೆ ಓದಿದೆ. ಅದರ ಮುಂದಿನ ಸಾಲಿನಲ್ಲೇ ಶಾರ್ಟ್ ಬ್ಯಾರೆಲ್ಡ್ ರೈಫಲ್ ‘ಸಣ್ಣ ಬಂದೂಕು’ ಆಗಿತ್ತು, ಟ್ಯಾಕ್ಸ್ ಸ್ಟಾಂಪ್ ‘ಅಂಚೆಚೀಟಿ’ ಆಗಿತ್ತು. ಮೂರೂ ತಪ್ಪು. ಮೊದಲನೆಯದು ಬಹಳ ಹಳೆಯ ತಪ್ಪಾದ್ದರಿಂದ ಅದನ್ನೇ ಮೊದಲು ಬಿಡಿಸಿ ನೋಡಬೇಕು.

ಬಂದೂಕಿನ ನಳಿಗೆಯ ತುದಿಗೆ ಸಿಕ್ಕಿಸುವ ಕೊಳವೆಗೆ ಸೈಲೆನ್ಸರ್ ಎಂಬ ಹೆಸರು ಮಾರಾಟಗಾರನೊಬ್ಬ ಇಟ್ಟದ್ದು. ಮ್ಯಾಕ್ಸಿಮ್ ಮೆಷಿನ್ ಗನ್ ಕಂಡುಹಿಡಿದ ಹಿರಾಮ್ ಸ್ಟೀವನ್ಸ್ ಮ್ಯಾಕ್ಸಿಮ್‌ನ ಮಗ ಹಿರಾಮ್ ಪರ್ಸಿ ಮ್ಯಾಕ್ಸಿಮ್ 1909ರಲ್ಲಿ ಅಮೆರಿಕದಲ್ಲಿ ಇದಕ್ಕೆ ಪೇಟೆಂಟ್ ಪಡೆದು, ‘ಮ್ಯಾಕ್ಸಿಮ್ ಸೈಲೆನ್ಸರ್’ ಎಂಬ ಹೆಸರಿನಲ್ಲಿಯೇ ಮಾರಿದನು. ಕೊಳ್ಳುವವರನ್ನು ಸೆಳೆಯಲು ಇಟ್ಟ ಆ ಹೆಸರನ್ನು, ಕೆಲವು ಬಗೆಯ ಆಯುಧಗಳಿಗೆ ತೆರಿಗೆ ಮತ್ತು ನೋಂದಣಿ ವಿಧಿಸಿದ 1934ರ ನ್ಯಾಷನಲ್ ಫೈರ್‌ಆರ್ಮ್ಸ್ ಆಕ್ಟ್ ಹಾಗೆಯೇ ಎತ್ತಿಕೊಂಡಿತು. ಇಂದಿಗೂ ಅಲ್ಲಿನ ಕೇಂದ್ರ ಕಾನೂನಿನಲ್ಲಿ ಇರುವುದು ‘ಸೈಲೆನ್ಸರ್’ ಮತ್ತು ‘ಮಫ್ಲರ್’ ಎಂಬ ಎರಡು ಪದಗಳು ಮಾತ್ರ. ಬಂದೂಕು ಬಲ್ಲವರು ಒತ್ತಿ ಹೇಳುವ ‘ಸಪ್ರೆಸರ್’ ಎಂಬುದು ಕೆಲಸವನ್ನು ಹೆಚ್ಚು ಸರಿಯಾಗಿ ಹೇಳುವ ಪದ, ಆದರೆ ಅದು ಕಾನೂನಿನ ಪದವಲ್ಲ. ಬ್ರಿಟನ್ನಿನವರು ಇದನ್ನೇ ‘ಸೌಂಡ್ ಮಾಡರೇಟರ್’ ಎನ್ನುತ್ತಾರೆ. ಇವೆಲ್ಲವುಗಳಲ್ಲಿ ಅತ್ಯಂತ ಪ್ರಾಮಾಣಿಕವಾದ ಹೆಸರು ಅದೇ ಎಂದು ನನ್ನ ಅಭಿಪ್ರಾಯ.

ಕನ್ನಡದವರು ಈ ವಿಷಯದಲ್ಲಿ ಮೋಸಹೋಗಲು ಕಾರಣವೇ ಇಲ್ಲ, ಏಕೆಂದರೆ ಸೈಲೆನ್ಸರ್ ಎಂದರೇನೆಂಬುದು ನಮಗೆ ದಿನನಿತ್ಯದ ಅನುಭವದಿಂದಲೇ ಗೊತ್ತು. ಬುಲೆಟ್ ಬೈಕೊಂದು ಬೀದಿಯ ತಿರುವಿಗೆ ಬರುವ ಮೊದಲೇ ಮನೆಯೊಳಗೆ ಕುಳಿತವರಿಗೆ ಅದರ ಗುಡುಗುಡು ಕೇಳಿಸುತ್ತದೆ, ಆದರೂ ಅದರ ಹೊಗೆ ಕೊಳವೆಯನ್ನು ಸೈಲೆನ್ಸರ್ ಎಂದೇ ಕರೆಯುತ್ತೇವೆ. ಅದನ್ನು ಕಿತ್ತುಹಾಕಿ ಓಡಿಸಿದರೆ ಏನಾಗುತ್ತದೆ ಎಂಬುದೂ ನಮಗೆ ಗೊತ್ತು. ಪರ್ಸಿ ಮ್ಯಾಕ್ಸಿಮ್ ಬಂದೂಕಿನ ಸೈಲೆನ್ಸರಿನ ತತ್ತ್ವವನ್ನೇ ಎಂಜಿನ್‌ಗಳ ಹೊಗೆ ಕೊಳವೆಗೂ ಅನ್ವಯಿಸಿದನು. ಎರಡೂ ಕಡೆ ನಡೆಯುವ ಕೆಲಸ ಒಂದೇ: ಒತ್ತಡದಿಂದ ಹೊರನುಗ್ಗುವ ಬಿಸಿ ಅನಿಲವನ್ನು ತಡೆಗೋಡೆಗಳಿರುವ ಕೊಳವೆಯೊಳಗೆ ಹಿಗ್ಗಲು ಬಿಟ್ಟು, ತಣಿಸಿ, ನಿಧಾನವಾಗಿ ಹೊರಬಿಡುವುದು. ಬೈಕಿನ ಸೈಲೆನ್ಸರನ್ನು ಯಾರೂ ‘ನಿಶ್ಶಬ್ದಕ’ ಎನ್ನದಿರುವಾಗ ಬಂದೂಕಿನದನ್ನು ಮಾತ್ರ ಹಾಗೆ ಕರೆಯುವುದೇಕೆ?

ಇಲ್ಲಿ ಕನ್ನಡದ ಎರಡು ಕ್ರಿಯಾಪದಗಳ ನಡುವಿನ ಅಂತರ ಬಹಳ ಮುಖ್ಯ. ಅಡಗುವುದೆಂದರೆ ಪೂರ್ತಿಯಾಗಿ ಇಲ್ಲವಾಗುವುದು: ಸದ್ದಡಗಿತು, ಸೊಲ್ಲಡಗಿತು, ಹುಟ್ಟಡಗಿಸಿದರು. ತಗ್ಗುವುದೆಂದರೆ ಇದ್ದದ್ದು ಕಡಿಮೆಯಾಗುವುದು: ಜ್ವರ ತಗ್ಗಿತು, ಬೆಲೆ ತಗ್ಗಿತು, ದನಿ ತಗ್ಗಿಸಿ ಮಾತಾಡಿದರು. ‘ಶಬ್ದಶಾಮಕ’ ಎಂದು ಕೆಲವರು ಬರೆಯುವುದನ್ನು ಕಂಡಿದ್ದೇನೆ. ‘ಅಗ್ನಿಶಾಮಕ’ ಕೇಳಿ ರೂಢಿಯಾದ ಕಿವಿಗೆ ಅದೂ ನಂದಿಸುವ ಅರ್ಥವನ್ನೇ ಕೊಡುತ್ತದೆ. ಬಂದೂಕಿನ ಸೈಲೆನ್ಸರ್ ಮಾಡುವುದು ತಗ್ಗಿಸುವ ಕೆಲಸ. ರೈಫಲ್ಲಿನ ಗುಂಡಿನ ಸದ್ದು ಸುಮಾರು 160 ಡೆಸಿಬಲ್ ಇರುತ್ತದೆ, ಈ ಕೊಳವೆ ಅದರಲ್ಲಿ 20ರಿಂದ 35 ಡೆಸಿಬಲ್ ಕಳೆಯುತ್ತದೆ. ಉಳಿದದ್ದು 130ರ ಆಚೀಚೆ, ಅಂದರೆ ಕಿವಿಗೆ ನೋವಾಗುವ ಮಟ್ಟ. ಮೇಲಾಗಿ, ಕೊಳವೆಯ ಹಿಡಿತಕ್ಕೆ ಸಿಗುವುದು ಅನಿಲದ ಸ್ಫೋಟದ ಸದ್ದು ಮಾತ್ರ. ಗುಂಡು ಶಬ್ದಕ್ಕಿಂತ ವೇಗವಾಗಿ ಹಾರುವಾಗ ಗಾಳಿಯಲ್ಲಿ ಹುಟ್ಟುವ ಚಾಟಿಯೇಟಿನಂಥ ಸಿಡಿತ ಗುಂಡಿನ ಜೊತೆಯಲ್ಲಿಯೇ ಸಾಗುತ್ತದೆ. ಅದನ್ನು ಯಾವ ಕೊಳವೆಯೂ ತಡೆಯಲಾರದು. ಗುರಿಕಾರರು ಇದನ್ನು ಹಾಕಿಕೊಂಡ ಮೇಲೂ ಕಿವಿಗೆ ರಕ್ಷಣೆ ಧರಿಸುವುದು ಅದಕ್ಕಾಗಿಯೇ.

ಇನ್ನು ಎರಡನೆಯ ಪದ. ಶಾರ್ಟ್ ಎಂಬ ವಿಶೇಷಣ ಬ್ಯಾರೆಲ್‌ಗೆ ಸಂಬಂಧಿಸಿದ್ದೇ ಹೊರತು ರೈಫಲ್‌ಗೆ ಅಲ್ಲ. ಮಲೆನಾಡಿನಲ್ಲಿ ಒಂಟಿ ನಳಿಗೆಯ ಕೋವಿ, ಜೋಡಿ ನಳಿಗೆಯ ಕೋವಿ ಎನ್ನುವುದು ರೂಢಿ. ಅದೇ ಜಾಡಿನಲ್ಲಿ ಇದನ್ನು ‘ಮೋಟು ನಳಿಗೆಯ ರೈಫಲ್’ ಎನ್ನಬಹುದು. ಮೋಟು ಎಂಬ ಪದದಲ್ಲಿ ಕತ್ತರಿಸಿ ಗಿಡ್ಡ ಮಾಡಿದ ಅರ್ಥವೂ ಇದೆ, ಮತ್ತು ಕಾನೂನಿನ ಮನಸ್ಸಿನಲ್ಲಿದ್ದುದೂ ಅದೇ. 1934ರ ಮಸೂದೆಯ ಮೊದಲ ರೂಪದಲ್ಲಿ ಪಿಸ್ತೂಲುಗಳಿಗೂ ನಿರ್ಬಂಧವಿತ್ತು, ಆದ್ದರಿಂದ ರೈಫಲ್ಲನ್ನು ಕತ್ತರಿಸಿ ಪಿಸ್ತೂಲಿನಂತೆ ಬಚ್ಚಿಟ್ಟುಕೊಳ್ಳುವ ದಾರಿಯನ್ನೂ ಮುಚ್ಚಬೇಕಿತ್ತು. ಪಿಸ್ತೂಲನ್ನು ಕೊನೆಗೆ ಮಸೂದೆಯಿಂದ ಕೈಬಿಟ್ಟರು, ಮೋಟು ನಳಿಗೆಯ ನಿಯಮ ಮಾತ್ರ ಉಳಿದುಕೊಂಡಿತು. ಹೆಗಲಿಗೊತ್ತಿ ಹೊಡೆಯಲೆಂದು ಮಾಡಿದ ರೈಫಲ್ಲಿನ ನಳಿಗೆ 16 ಇಂಚಿಗಿಂತ ಕಡಿಮೆಯಿದ್ದರೆ, ಅಥವಾ ಕತ್ತರಿಸಿಯೋ ಬೇರೆ ರೀತಿಯಲ್ಲೋ ಬದಲಾಯಿಸಿದ ರೈಫಲ್ಲಿನ ಒಟ್ಟು ಉದ್ದ 26 ಇಂಚಿಗಿಂತ ಕಡಿಮೆಯಾದರೆ ಅದು ಈ ವರ್ಗಕ್ಕೆ ಸೇರುತ್ತದೆ.

ಅಳತೆಯಲ್ಲಿಯೇ ಅನೇಕರು ಎಡವುತ್ತಾರೆ. ಖಾಲಿ ಬಂದೂಕಿನ ಬೋಲ್ಟ್ (ನಳಿಗೆಯ ಹಿಂಬದಿಯನ್ನು ಮುಚ್ಚುವ ಭಾಗ) ಮುಚ್ಚಿ, ನಳಿಗೆಯ ಬಾಯಿಯಿಂದ ಮರದ ಕಡ್ಡಿಯೊಂದನ್ನು ಬೋಲ್ಟಿಗೆ ತಾಗುವವರೆಗೆ ಇಳಿಸಿ, ಬಾಯಿಯ ಅಂಚಿಗೆ ಸರಿಯಾಗಿ ಗುರುತು ಹಾಕಿ, ಕಡ್ಡಿಯನ್ನು ಹೊರತೆಗೆದು ಆ ಗುರುತಿನವರೆಗೆ ಅಳೆಯಬೇಕು. ತಿರುಪಿನಿಂದ ಸಿಕ್ಕಿಸುವ ಸೈಲೆನ್ಸರ್ ಈ ಲೆಕ್ಕಕ್ಕೆ ಬರುವುದಿಲ್ಲ. ನಳಿಗೆಯ ತುದಿಗೆ ಬೆಸುಗೆಯಿಂದ ಶಾಶ್ವತವಾಗಿ ಕೂಡಿಸಿದ ಭಾಗ ಮಾತ್ರ ನಳಿಗೆಯ ಉದ್ದವೆನಿಸುತ್ತದೆ. ‘ಸೈಲೆನ್ಸರ್ ಸೇರಿ 16 ಇಂಚು ದಾಟಿದೆ, ಆದ್ದರಿಂದ ತೊಂದರೆಯಿಲ್ಲ’ ಎಂದು ನಂಬಿದವನು ನೋಂದಣಿಯಿಲ್ಲದ ಆಯುಧವನ್ನು ಹೊಂದಿದ ಗಂಭೀರ ಅಪರಾಧಕ್ಕೆ ಗುರಿಯಾಗುತ್ತಾನೆ. ನಳಿಗೆ ಮೋಟಾದಷ್ಟೂ ಅನಿಲ ಹೆಚ್ಚು ಒತ್ತಡದಲ್ಲಿ ಹೊರಬಿದ್ದು ಸದ್ದೂ ಹೆಚ್ಚುತ್ತದೆ. ಸೈಲೆನ್ಸರ್ ಹಾಕಿದರೆ ಬಂದೂಕು ಉದ್ದವಾಗುತ್ತದೆ. ಒಂದರ ಕೊರತೆಯನ್ನು ಇನ್ನೊಂದು ತುಂಬುವುದರಿಂದಲೇ ಎರಡನ್ನೂ ಜೊತೆಯಾಗಿ ಬಯಸುವವರು ಹೆಚ್ಚು. ಆದರೆ ಕಾನೂನಿನ ಕಣ್ಣಿಗೆ ಅವು ಎರಡು ಬೇರೆ ಬೇರೆ ವಸ್ತುಗಳು, ಎರಡಕ್ಕೂ ಬೇರೆ ಬೇರೆ ನೋಂದಣಿ ಬೇಕು.

ಸ್ಟಾಂಪ್ ಎಂಬುದು ಅಂಚೆಯದಲ್ಲ, ನಮ್ಮ ರೆವಿನ್ಯೂ ಸ್ಟಾಂಪಿನ ಜಾತಿಯದು: ತೆರಿಗೆ ಸಂದಿದೆ ಎಂಬುದರ ಗುರುತು. 1934ರಲ್ಲಿ ಗೊತ್ತುಮಾಡಿದ ತೆರಿಗೆ 200 ಡಾಲರ್. ಆಗ ಅದು ಸಾಮಾನ್ಯ ಕೆಲಸಗಾರನ ಒಂದು ತಿಂಗಳ ಸಂಬಳಕ್ಕಿಂತ ಹೆಚ್ಚಿನ ಮೊತ್ತ. 2025ರ ಜುಲೈ 4ರಂದು ಸಹಿಯಾದ ಕಾಯ್ದೆಯಿಂದಾಗಿ, 2026ರ ಜನವರಿ 1ರಿಂದ ಸೈಲೆನ್ಸರ್ ಮತ್ತು ಮೋಟು ನಳಿಗೆಯ ರೈಫಲ್‌ಗಳ ಮೇಲಿನ ಈ ತೆರಿಗೆ ಸೊನ್ನೆಯಾಯಿತು. ಇದನ್ನೇ ‘ಇನ್ನು ಅನುಮತಿ ಬೇಕಿಲ್ಲ’ ಎಂದು ಬರೆದವರಿದ್ದಾರೆ. ಸೊನ್ನೆಯಾದದ್ದು ತೆರಿಗೆ ಮಾತ್ರ. ಬೆರಳಚ್ಚು, ಭಾವಚಿತ್ರ, ಹಿನ್ನೆಲೆ ಪರಿಶೀಲನೆ, ನೋಂದಣಿ ಯಾವುದೂ ಹೋಗಿಲ್ಲ. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ನ್ಯೂಜೆರ್ಸಿಯಂಥ ರಾಜ್ಯಗಳಲ್ಲಿ ಜನಸಾಮಾನ್ಯರಿಗೆ ಸೈಲೆನ್ಸರ್ ಇಂದಿಗೂ ನಿಷಿದ್ಧ. ನಮ್ಮ ದೇಶದಲ್ಲಂತೂ ಬಂದೂಕಿನ ಸದ್ದು ತಗ್ಗಿಸುವ ಸಾಧನ ಆಯುಧ ನಿಯಮಗಳ ಮೊದಲನೆಯ ವರ್ಗಕ್ಕೆ, ಅಂದರೆ ನಿಷೇಧಿತ ವರ್ಗಕ್ಕೆ ಸೇರಿದೆ.

ಕೊನೆಯದಾಗಿ ‘ತಯಾರಿಕೆ’ ಎಂಬ ಪದ. ಪರವಾನಗಿ ಪಡೆದ ಕಂಪನಿಗಳು ಮಾಡುವುದಕ್ಕೆ ‘ಮ್ಯಾನುಫ್ಯಾಕ್ಚರ್’ ಎಂದೂ ಖಾಸಗಿ ವ್ಯಕ್ತಿ ತನಗಾಗಿ ಮಾಡಿಕೊಳ್ಳುವುದಕ್ಕೆ ‘ಮೇಕ್’ ಎಂದೂ ಅಮೆರಿಕದ ಕಾನೂನು ಬೇರೆ ಬೇರೆ ಪದ ಬಳಸುತ್ತದೆ. ಕನ್ನಡದಲ್ಲಿ ಎರಡಕ್ಕೂ ತಯಾರಿಕೆ ಎಂದು ಬರೆದುಬಿಡುತ್ತೇವೆ. ‘ಮೇಕ್’ ಎಂದರೆ ಕುಲುಮೆಯಲ್ಲಿ ಉಕ್ಕು ಕಾಯಿಸಬೇಕೆಂದಿಲ್ಲ, ಇರುವ ರೈಫಲ್ಲಿಗೆ ಮೋಟು ನಳಿಗೆಯೊಂದನ್ನು ಜೋಡಿಸಿದರೂ ಸಾಕು. ಅದಕ್ಕಾಗಿ ಈ ನೋಂದಣಿಯನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆಯಾದ ಎಟಿಎಫ್‌ಗೆ ಫಾರ್ಮ್ 1 ಎಂಬ ಅರ್ಜಿ ಸಲ್ಲಿಸಿ, ಒಪ್ಪಿಗೆ ಕೈಸೇರಿದ ಮೇಲಷ್ಟೇ ಜೋಡಿಸಬೇಕು. ಹಾಗೆ ಮಾಡಿಕೊಂಡವನನ್ನು ಕಾನೂನು ‘ಮೇಕರ್’ ಎಂದೇ ಕರೆಯುತ್ತದೆ, ಮತ್ತು ಅವನ ಹೆಸರು, ಊರು, ರಾಜ್ಯಗಳನ್ನು ಆ ರೈಫಲ್ಲಿನ ಲೋಹದ ಮೇಲೆ ಕೊರೆದಿರಬೇಕು.