ಎದುರಿನ ತಂತಿ ಕಾಣದ ಎರೆಭೂತ

ರಾಜಸ್ಥಾನದ ಜೈಸಲ್ಮೇರ್ ಹತ್ತಿರದ ಸಮ್ ಕಡೆ ಮೊದಲ ಸಲ ಎರೆಭೂತ, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿ, ಕಂಡಾಗ ನಾನು ಅದನ್ನು ಆಡಿನ ಮರಿ ಅಂದುಕೊಂಡಿದ್ದೆ. ಬೆಳಗ್ಗೆ ಹತ್ತಕ್ಕೇ ನೆಲದಿಂದ ಝಳ ಏಳುತ್ತಿತ್ತು, ದೂರದ್ದೆಲ್ಲ ನೀರೊಳಗೆ ಅಲ್ಲಾಡಿದ ಹಾಗೆ ಕಾಣುತ್ತಿತ್ತು, ಸೇವಣ್ ಹುಲ್ಲಿನ ನಡುವೆ ಕಂದು ಬಣ್ಣದ ಏನೋ ಒಂದು ನಿಧಾನಕ್ಕೆ ಸರಿಯುತ್ತಿತ್ತು. ಟೆಲಿಸ್ಕೋಪ್ ತಿರುಗಿಸಿ ಫೋಕಸ್ ಮಾಡಿದೆ. ಉದ್ದನೆಯ ಬಿಳಿ ಕತ್ತು, ನೆತ್ತಿಗೆ ಕಪ್ಪು ಟೋಪಿ ಹಾಕಿದ ಹಾಗೆ. ಎದೆಯ ಕಪ್ಪು ಪಟ್ಟಿ ಅಷ್ಟು ಸ್ಪಷ್ಟವಾಗಿರಲಿಲ್ಲ, ಹಾಗಾಗಿ ಹೆಣ್ಣು. ನಾಲ್ಕು ಹೆಜ್ಜೆ ಇಡುತ್ತಿತ್ತು, ನಿಲ್ಲುತ್ತಿತ್ತು, ಮಿಡತೆ ಕುಕ್ಕುತ್ತಿತ್ತು. ತಲೆ ನನ್ನ ಕಡೆಗೆ ಅಡ್ಡವಾಗಿತ್ತು, ಆದರೆ ಆ ಹಳದಿ ಕಣ್ಣು ಮಾತ್ರ ನೇರ ನನ್ನ ಮೇಲೇ ಇತ್ತು.

ಆ ಕಣ್ಣಿನ ಬಗ್ಗೆಯೇ ಹೇಳಬೇಕು. ಬಯಲಲ್ಲಿ ಬದುಕುವ ಹಕ್ಕಿಗೆ ಅಡಗಲು ಮರ ಇಲ್ಲ. ನರಿ ಯಾವ ಕಡೆಯಿಂದ ಬರುತ್ತೋ, ಹದ್ದು ಎಲ್ಲಿಂದ ಎರಗುತ್ತೋ ಗೊತ್ತಿಲ್ಲ. ಅದಕ್ಕೇ ಕಣ್ಣುಗಳು ತಲೆಯ ಎರಡೂ ಪಕ್ಕದಲ್ಲಿವೆ. ಸುತ್ತಲೂ ಚೆನ್ನಾಗಿ ಕಾಣುತ್ತೆ, ಮೂಗಿನ ನೇರಕ್ಕೆ ಮಾತ್ರ ಕಡಿಮೆ. ಎರೆಭೂತದ ಆಫ್ರಿಕಾದ ನೆಂಟ ಕೋರಿ ಬಸ್ಟರ್ಡ್ ಮೇಲೆ 2010ರಲ್ಲಿ ಬಂದ ಅಧ್ಯಯನವೊಂದು ಇದನ್ನು ಅಳೆದು ತೋರಿಸಿತು: ಹಾರುವಾಗ ತಲೆಯನ್ನು ಸುಮಾರು 25 ಡಿಗ್ರಿ ಕೆಳಕ್ಕೆ ಬಾಗಿಸಿದರೆ ಸಾಕು, ತಾನು ಹೋಗುತ್ತಿರುವ ದಾರಿಯೇ ಅದಕ್ಕೆ ಕಾಣುವುದಿಲ್ಲ. ಹಾರುವ ಹಕ್ಕಿ ಕೆಳಗೆ ಯಾಕೆ ನೋಡುತ್ತೆ? ಮೇವು ಹುಡುಕಲು, ಜೊತೆಯ ಹಕ್ಕಿ ಎಲ್ಲಿದೆ ಅಂತ ನೋಡಲು, ಇಳಿಯಲು ಜಾಗ ಹುಡುಕಲು. ಲಕ್ಷಾಂತರ ವರ್ಷ ಇದರಿಂದ ಏನೂ ತೊಂದರೆ ಆಗಿರಲಿಲ್ಲ, ಯಾಕೆಂದರೆ ಬಯಲಿನ ಆಕಾಶದಲ್ಲಿ ಎದುರಿಗೆ ಅಡ್ಡ ಬರುವಂಥದ್ದು ಏನೂ ಇರಲಿಲ್ಲ.

ಈಗ ಇದೆ. ಗಾಳಿಯಂತ್ರ, ಸೋಲಾರ್ ಘಟಕ, ಅವುಗಳಿಂದ ಹೊರಡುವ ಹೈಟೆನ್ಷನ್ ಲೈನುಗಳು. ಗಂಡು ಎರೆಭೂತ 15 ಕಿಲೋವರೆಗೆ ತೂಗುತ್ತದೆ. ಹಾರುವ ಹಕ್ಕಿಗಳಲ್ಲಿ ಅತಿ ಭಾರದವುಗಳ ಸಾಲಿಗೆ ಸೇರಿದ್ದು. ಅಷ್ಟು ಮೈ ಹೊತ್ತು ಹಾರುವಾಗ ಕೊನೇ ಕ್ಷಣದಲ್ಲಿ ತಂತಿ ಕಂಡರೂ ಪಾರಿವಾಳದ ಹಾಗೆ ಗಕ್ಕನೆ ತಿರುಗಲು ಆಗುವುದಿಲ್ಲ.

ತಂತಿಗೆ ಬಡಿದು ಸತ್ತ ಹಕ್ಕಿಗಳನ್ನು ಎಣಿಸುವುದು ಅಂದರೆ ಲೈನಿನ ಕೆಳಗೇ ನಡೆಯುವುದು, ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ, ತಲೆ ತಗ್ಗಿಸಿಕೊಂಡು. ನಾನೂ ಒಂದಷ್ಟು ದಿನ ನಡೆದಿದ್ದೇನೆ. ಸಿಗುವುದು ಬಹುಪಾಲು ಪುಕ್ಕ. ಒಂದು ಕಡೆ ಬೆಳವನ ಹಕ್ಕಿಯ ಒಂದೇ ಒಂದು ರೆಕ್ಕೆ ಮರಳಿಗೆ ಅಂಟಿಕೊಂಡಿತ್ತು, ಉಳಿದದ್ದನ್ನು ನಾಯಿಯೋ ನರಿಯೋ ಹೊತ್ತುಕೊಂಡು ಹೋಗಿತ್ತು. ಸತ್ತದ್ದರಲ್ಲಿ ಎಷ್ಟೋ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ ಅನ್ನುವುದು ಅಲ್ಲಿ ನಿಂತಾಗ ಅರ್ಥವಾಗುತ್ತೆ. ಹಾಗೆ ಕಾಣದೆ ಹೋದವನ್ನೂ ಲೆಕ್ಕಕ್ಕೆ ತಗೊಂಡು ಭಾರತೀಯ ವನ್ಯಜೀವಿ ಸಂಸ್ಥೆ ಅಂದಾಜು ಮಾಡಿದಾಗ, ಥಾರ್ ಮರುಭೂಮಿಯ 4,200 ಚದರ ಕಿ.ಮೀ. ಜಾಗದಲ್ಲೇ ವರ್ಷಕ್ಕೆ ಸುಮಾರು 84,000 ಹಕ್ಕಿಗಳು ತಂತಿಯಿಂದ ಸಾಯುತ್ತವೆ ಅಂತ ಬಂತು. ಅದರಲ್ಲಿ ಎರೆಭೂತ ಸುಮಾರು 18.

ಹದಿನೆಂಟು ಅಂದರೆ ಕಮ್ಮಿ ಅನ್ನಿಸಬಹುದು, ಅಲ್ವಾ? ಆ ಹೊತ್ತಿಗೆ ಥಾರ್‌ನಲ್ಲಿ ಇದ್ದದ್ದೇ ಸುಮಾರು 130. ಈ ಹಕ್ಕಿ ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಮೊಟ್ಟೆ ಇಡುತ್ತದೆ, ಅದೂ ಬರಿ ನೆಲದ ಮೇಲೆ. ಸುಮಾರು ನಾಲ್ಕು ವಾರ ಹೆಣ್ಣೊಂದೇ ಕಾವು ಕೂರಬೇಕು. ಆ ನಾಲ್ಕು ವಾರದಲ್ಲಿ ಬೀದಿನಾಯಿ, ನರಿ, ಉಡ, ಕಾಗೆ, ದನದ ಕಾಲು, ಯಾವುದೂ ಆಗಬಹುದು. ಮೊಟ್ಟೆ ಹೋದರೆ ಮತ್ತೊಂದು ಇಡಬಹುದು, ಆದರೆ ದೊಡ್ಡ ಹೆಣ್ಣು ಹಕ್ಕಿ ಹೋದರೆ ಅದರ ಮುಂದಿನ ವರ್ಷಗಳ ಮೊಟ್ಟೆಗಳೆಲ್ಲ ಒಟ್ಟಿಗೇ ಹೋದವು.

2021ರಲ್ಲಿ ಸುಪ್ರೀಂ ಕೋರ್ಟ್ ಲೈನುಗಳನ್ನು ನೆಲದಡಿಗೆ ಹಾಕಿ ಅಂದಿತು. 2024ರಲ್ಲಿ ಆ ಆದೇಶವನ್ನು ಸಡಿಲಿಸಿ ತಜ್ಞರ ಸಮಿತಿ ಮಾಡಿತು. ಸೋಲಾರ್ ಬೇಡ ಅಂತ ನಾನು ಹೇಳುತ್ತಿಲ್ಲ, ಖಂಡಿತ ಬೇಕು. ಲೈನ್ ಎಲ್ಲಿ ಎಳೆಯಬೇಕು ಅನ್ನುವುದನ್ನು ಮೊದಲೇ ಕೂತು ಯೋಚಿಸಬಹುದಿತ್ತು. ತಂತಿಗೆ ನೇತುಹಾಕುವ ಹೊಳೆಯುವ ಬಿಲ್ಲೆಗಳಿಂದ ಸ್ವಲ್ಪ ಸಾವು ತಗ್ಗುತ್ತದೆ, ಪೂರ್ತಿ ನಿಲ್ಲುವುದಿಲ್ಲ. ಇನ್ನೊಂದು ಕಡೆ, ಬಯಲಿನಿಂದ ತಂದ ಮೊಟ್ಟೆಗಳಿಂದ 2019ರಲ್ಲಿ ಜೈಸಲ್ಮೇರ್‌ನಲ್ಲಿ ಮರಿ ಸಾಕುವ ಕೆಲಸ ಶುರುವಾಯಿತು, 2024ರ ಅಕ್ಟೋಬರ್‌ನಲ್ಲಿ ಕೃತಕ ಗರ್ಭಧಾರಣೆಯಿಂದ ಮೊದಲ ಮರಿ ಹೊರಬಂತು. ಆ ಸುದ್ದಿ ಓದಿದ ದಿನ ನನಗೆ ನಿಜಕ್ಕೂ ಕಣ್ಣು ತುಂಬಿ ಬಂತು. ಆದರೆ ಆ ಮರಿಗಳನ್ನು ಬಿಡುವುದು ಎಲ್ಲಿಗೆ?

ಬಿಡಲು ಬಯಲು ಬೇಕು. ನಮ್ಮ ದೊಡ್ಡ ಕಷ್ಟ ಇರುವುದೇ ಅಲ್ಲಿ. ಮರ ಇದ್ದರೆ ಕಾಡು, ಬೆಳೆ ಇದ್ದರೆ ಹೊಲ, ಎರಡೂ ಇಲ್ಲದಿದ್ದರೆ ಅದು ಬಂಜರು, ಪಾಳು, ಪಹಣಿಯಲ್ಲಿ ಖರಾಬು. ಹುಲ್ಲುಗಾವಲು ಅನ್ನುವುದು ತಾನೇ ಒಂದು ಪೂರ್ತಿ ಜಗತ್ತು ಅಂತ ನಮಗೆ ಯಾರೂ ಹೇಳಿಕೊಡಲಿಲ್ಲ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದಲ್ಲಿ ಹಿಂದೆ ಎರೆಭೂತ ಇತ್ತು. ಅಲ್ಲಿಗೆ ಹೋದರೆ ಈಗ ಕಾಣುವುದು ಸಾಲುಸಾಲು ನೀಲಗಿರಿ ಮರ. ಹಸಿರಾಗಲಿ ಅಂತಲೇ ನೆಟ್ಟದ್ದು, ಆದರೆ ದೂರದವರೆಗೆ ನೋಟ ಹರಿಯದ ಜಾಗದಲ್ಲಿ ಈ ಹಕ್ಕಿ ನಿಲ್ಲುವುದಿಲ್ಲ.

ಹೆಸರಲ್ಲೇ ಎರೆ ಇದೆ ನೋಡಿ, ಕಪ್ಪು ನೆಲದ ಹಕ್ಕಿ. ನಮ್ಮಲ್ಲಿ ಇದನ್ನು ಹುಡುಕುವವರು ಹೋಗುವುದು ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ಕಡೆಗೆ. ನಾನೂ ಹೋದೆ. ದಿನವಿಡೀ ಕಡಲೆ ಹೊಲ, ಜೋಳದ ಹೊಲದ ಬದುಗಳ ಮೇಲೆ ಸುತ್ತಿದ್ದಾಯಿತು. ಸೆಳೆವ ಅನ್ನುವ ಬೇಟೆಹಕ್ಕಿಗಳು ನೆಲಕ್ಕೆ ಹತ್ತಿರವಾಗಿ ತೇಲಿಕೊಂಡು ಹೋದವು, ನೆಲಗುಬ್ಬಿಗಳು ಕಾಲ ಬುಡದಿಂದಲೇ ಪುರ್ರಂತ ಎದ್ದವು, ಎರೆಭೂತ ಮಾತ್ರ ಕಾಣಲಿಲ್ಲ. ಸಂಜೆ ಒಬ್ಬ ವಯಸ್ಸಾದ ರೈತರು ಎತ್ತು ಹೊಡೆದುಕೊಂಡು ಬಂದರು. ಮೊಬೈಲ್‌ನಲ್ಲಿ ಚಿತ್ರ ತೋರಿಸಿದೆ. ಕೈಯನ್ನು ಸೊಂಟದ ಎತ್ತರಕ್ಕೆ ಹಿಡಿದು, "ಇಷ್ಟೆತ್ರ ಇರ್ತದಲ್ರಿ? ನಮ್ಮಪ್ಪನ ಕಾಲದಾಗ ಬಾಳ ಇದ್ವು" ಅಂದರು. ಗಂಡು ಗಂಟಲಚೀಲ ಉಬ್ಬಿಸಿ ಕೆಳಕ್ಕೆ ಇಳಿಬಿಟ್ಟು ಹುಂ ಅಂತ ಕೂಗುವುದನ್ನು ಅವರೇ ಮಾಡಿ ತೋರಿಸಿದರು, ಗದ್ದವನ್ನು ಎದೆಗೊತ್ತಿ, ಕೆನ್ನೆ ಉಬ್ಬಿಸಿ. ಈ ಕೂಗನ್ನು ನಾನು ರೆಕಾರ್ಡಿಂಗ್‌ನಲ್ಲಿ ಮಾತ್ರ ಕೇಳಿದ್ದೆ.

ನಾಳೆ ಬೆಳಗ್ಗೆ ಏಳಕ್ಕೆ ಮತ್ತೆ ಬರ್ತೀನಿ ಅಂದೆ.

"ಏಳಕ್ಕ ಬ್ಯಾಡ್ರಿ, ಐದೂವರೆಗೇ ಬರ್ರಿ. ಬಿಸಿಲೇರಿತಂದ್ರ ಅದು ಕುಂತು ಬಿಡ್ತದ, ಕಾಣಂಗಿಲ್ಲ."