ಊಟದ ಹೊತ್ತಿಗೆ ಡೆವಲಪರ್ ಯಾಕೆ ಸೋತುಹೋಗುತ್ತದೆ?

ಪ್ರಶ್ನೆ: ಭಾನುವಾರ ಬೆಳಿಗ್ಗೆ 10 ಗಂಟೆಗೆ ಮನೆಯ ಡಾರ್ಕ್‌ರೂಮಿನಲ್ಲಿ ಟ್ರೇಗೆ ಡೆವಲಪರ್ (ಫೋಟೋ ಪೇಪರ್ ಮೇಲೆ ಚಿತ್ರ ಮೂಡಿಸುವ ದ್ರಾವಣ) ಸುರಿದು ಫೋಟೋ ಪ್ರಿಂಟ್ ಮಾಡಲು ಶುರು ಮಾಡುತ್ತೇನೆ. ಮೊದಲ ಪ್ರಿಂಟ್‌ಗಳಲ್ಲಿ ಕಪ್ಪು ಗಾಢವಾಗಿ ಬರುತ್ತದೆ. ಊಟ ಮಾಡಿ ಬಂದ ಮೇಲೆ ಅದೇ ನೆಗೆಟಿವ್, ಅದೇ ಎಕ್ಸ್‌ಪೋಷರ್ (ಪೇಪರ್ ಮೇಲೆ ಬೆಳಕು ಬೀಳಿಸುವ ಪ್ರಮಾಣ). ಆದರೂ ಪ್ರಿಂಟ್ ಮಂಕು. ಎರಡು ಗಂಟೆಗೊಮ್ಮೆ ಎಲ್ಲವನ್ನೂ ಚೆಲ್ಲಿ ಹೊಸದು ಕಲಸಬೇಕಾ?

ಉತ್ತರ: ಎಲ್ಲವನ್ನೂ ಚೆಲ್ಲಬೇಕಾಗಿಲ್ಲ. ಆದರೆ ಪ್ರಿಂಟ್ ಮಂಕಾಗಿದ್ದು ಕಣ್ಣಿಗೆ ಕಾಣುವವರೆಗೆ ಕಾಯಲೂಬಾರದು. ಅಷ್ಟು ಹೊತ್ತಿಗೆ ಹಿಂದಿನ ನಾಲ್ಕೈದು ಪ್ರಿಂಟ್ ಆಗಲೇ ಕೆಟ್ಟಿರುತ್ತವೆ. ಡಾರ್ಕ್‌ರೂಮಿನ ಮಬ್ಬು ಬೆಳಕಿಗೆ ಕಣ್ಣು ಹೊಂದಿಕೊಂಡುಬಿಡುತ್ತದೆ, ಬೂದು ಬಣ್ಣವೂ ಕಪ್ಪಾಗಿಯೇ ಕಾಣುತ್ತದೆ. ಒಮ್ಮೆ ನಾನು ಗೆಳೆಯರೊಬ್ಬರ ಮನೆಯ ಹಳೇ ಫೋಟೋಗಳನ್ನು ಒಂದೇ ದಿನ ಕೂತು ಪ್ರಿಂಟ್ ಮಾಡಿದೆ. ಮಾರನೇ ದಿನ ಕಿಟಕಿಯ ಹತ್ತಿರ ಸಾಲಾಗಿ ಜೋಡಿಸಿದಾಗ ಅವರ ಅಜ್ಜಿಯ ಸೀರೆ ಮೊದಲ ಪ್ರಿಂಟಿನಲ್ಲಿ ಕಪ್ಪು, ಕೊನೆಯದರಲ್ಲಿ ಬೂದಿಯ ಬಣ್ಣ. ಆವತ್ತು ಕೆಲಸ ಮಾಡುವಾಗ ಒಂದು ಸಲವೂ ಅದು ನನಗೆ ಗೊತ್ತಾಗಿರಲಿಲ್ಲ. ಅರ್ಧ ಕೆಲಸ ಮತ್ತೆ ಮಾಡಬೇಕಾಯಿತು.

ಡೆವಲಪರ್ ಎರಡು ದಾರಿಯಲ್ಲಿ ಸವೆಯುತ್ತದೆ. ಒಂದು ಗಾಳಿಯಿಂದ, ಇನ್ನೊಂದು ಪೇಪರ್‌ನಿಂದ. ಕೊಡಾಕ್‌ನ ಹಳೆಯ ಡಿ-72 ಸೂತ್ರ ನೋಡಿದರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಒಂದು ಲೀಟರ್ ಸ್ಟಾಕ್‌ಗೆ (ಬಳಸುವಾಗ ನೀರು ಬೆರೆಸಿಕೊಳ್ಳುವ ಗಟ್ಟಿ ದ್ರಾವಣ) ಮೆಟಾಲ್ 3 ಗ್ರಾಂ, ಹೈಡ್ರೋಕ್ವಿನೋನ್ 12 ಗ್ರಾಂ. ಚಿತ್ರ ಮೂಡಿಸುವ ಕೆಲಸ ಇವೆರಡರದ್ದು. ಸೋಡಿಯಂ ಕಾರ್ಬೊನೇಟ್ 80 ಗ್ರಾಂ, ಅವಕ್ಕೆ ಬೇಕಾದ ಕ್ಷಾರ ಕೊಡಲು. ಸೋಡಿಯಂ ಸಲ್ಫೈಟ್ 45 ಗ್ರಾಂ, ಇದು ಕಾವಲುಗಾರ. ಗಾಳಿಯ ಆಮ್ಲಜನಕವನ್ನು ತಾನು ತೆಗೆದುಕೊಂಡು ಮೆಟಾಲ್, ಹೈಡ್ರೋಕ್ವಿನೋನ್‌ಗಳನ್ನು ಉಳಿಸುತ್ತದೆ. ಕೊನೆಗೆ 2 ಗ್ರಾಂ ಪೊಟ್ಯಾಸಿಯಂ ಬ್ರೋಮೈಡ್, ಡೆವಲಪರ್‌ನ ವೇಗ ಹದ್ದು ಮೀರದ ಹಾಗೆ ತಡೆಯಲು.

ಬೆಳಿಗ್ಗೆಯೆಲ್ಲಾ ಸರಿಯಿದ್ದದ್ದು ಮಧ್ಯಾಹ್ನ ಇದ್ದಕ್ಕಿದ್ದ ಹಾಗೆ ಕೈಕೊಡುವುದು ಈ ಕಾವಲುಗಾರನಿಂದಲೇ. ಸಲ್ಫೈಟ್ ಇರುವಷ್ಟು ಹೊತ್ತು ಎಲ್ಲಾ ಚೆನ್ನಾಗಿ ಕಾಣುತ್ತದೆ. ಅದು ತೀರಿದ ಮೇಲೆ ಡೆವಲಪರ್ ಬೇಗ ಬೇಗ ಕಂದು ಬಣ್ಣಕ್ಕೆ ತಿರುಗುತ್ತದೆ. ಪೇಪರ್ ಕೆಡಿಸದ ಕೆಂಪು ದೀಪದಲ್ಲಿ, ಅಂದರೆ ಸೇಫ್‌ಲೈಟಿನಲ್ಲಿ, ಆ ಕಂದು ಕಾಣುವುದೇ ಇಲ್ಲ. ಬಿಳಿ ಪಿಂಗಾಣಿ ಬಟ್ಟಲಲ್ಲಿ ಸ್ವಲ್ಪ ತೆಗೆದು ಹೊರಗೆ ಬೆಳಕಲ್ಲಿ ನೋಡಿ. ಹಾಲಿಲ್ಲದ ಚಹಾದ ಬಣ್ಣ ಬಂದಿದ್ದರೆ ಅದರ ಕೆಲಸ ಮುಗಿಯಿತು. ಆ ಬಟ್ಟಲನ್ನು ಇದಕ್ಕೇ ಮೀಸಲಿಡಿ, ಮತ್ತೆ ಅಡುಗೆಮನೆಗೆ ಹೋಗಬಾರದು.

ಇನ್ನು ಪೇಪರ್. ಹಾಳೆಯಲ್ಲಿರುವ ಸಿಲ್ವರ್ ಬ್ರೋಮೈಡ್ ಬೆಳ್ಳಿಯಾಗಿ ಕಪ್ಪಾಗುವಾಗ ಅದರ ಬ್ರೋಮೈಡ್ ಡೆವಲಪರ್‌ಗೆ ಇಳಿಯುತ್ತದೆ. ತಯಾರಿಸುವಾಗಲೇ ತಡೆಯಾಗಿ ಹಾಕಿದ್ದ 2 ಗ್ರಾಂ ಇತ್ತಲ್ಲ, ಪ್ರತಿ ಹಾಳೆಯೂ ಅದಕ್ಕೆ ಇನ್ನಷ್ಟು ಸೇರಿಸುತ್ತಾ ಹೋಗುತ್ತದೆ. ಹಾಗಾಗಿ ಚಿತ್ರ ಮೂಡುವುದು ನಿಧಾನವಾಗುತ್ತದೆ. ಮೆಟಾಲ್ ಬದಲು ಫೆನಿಡೋನ್ ಎಂಬ ರಾಸಾಯನಿಕ ಹಾಕಿದ ಡೆವಲಪರ್‌ಗಳು ಬ್ರೋಮೈಡ್‌ಗೆ ಅಷ್ಟು ಬೇಗ ಸೋಲುವುದಿಲ್ಲ. ದಿನವಿಡೀ ಪ್ರಿಂಟ್ ಮಾಡುವವರಿಗೆ ಅವೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ.

ಗಾಳಿಯನ್ನು ತಡೆಯುವುದು ಕಷ್ಟವೇನಲ್ಲ. 8x10 ಇಂಚಿನ ಪೇಪರ್‌ಗೆ 10x12 ಇಂಚಿನ ಟ್ರೇ ಸಾಕು. ಅದಕ್ಕಿಂತ ದೊಡ್ಡದರಲ್ಲಿ ತೆಳ್ಳಗೆ ಹರಡಿದರೆ ಗಾಳಿಗೆ ತೆರೆದುಕೊಳ್ಳುವ ಮೈ ಜಾಸ್ತಿ. ಅರ್ಧ ಲೀಟರ್‌ನಲ್ಲಿ ಸುಧಾರಿಸುವ ಬದಲು ಒಂದೂವರೆ ಲೀಟರ್ ಸುರಿಯಿರಿ. ಎನ್‌ಲಾರ್ಜರ್ (ನೆಗೆಟಿವ್ ಚಿತ್ರವನ್ನು ಪೇಪರ್ ಮೇಲೆ ದೊಡ್ಡದಾಗಿ ಬೀಳಿಸುವ ಯಂತ್ರ) ಹತ್ತಿರ ಹತ್ತು ನಿಮಿಷ ಫೋಕಸ್ ಮಾಡುತ್ತಾ ನಿಲ್ಲುವಾಗ, ಅಡುಗೆಮನೆಯಲ್ಲಿ ಬಳಸುವ ತೆಳು ಪ್ಲಾಸ್ಟಿಕ್ ಹಾಳೆಯನ್ನು ಡೆವಲಪರ್ ಮೇಲೆಯೇ ತೇಲುವ ಹಾಗೆ ಹಾಸಿ. ಟ್ರೇ ಅಂಚಿಗೆ ಕಟ್ಟಿದರೆ ಒಳಗೆ ಗಾಳಿ ಉಳಿಯುತ್ತದೆ. ನೀರಿಗೆ ಅಂಟಿಕೊಂಡೇ ಇರಬೇಕು.

ಸೆಕೆಗಾಲದಲ್ಲಿ ಬಿಸಿಯೂ ಸೇರಿಕೊಳ್ಳುತ್ತದೆ. ಪೇಪರ್ ಡೆವಲಪರ್‌ಗೆ ಸಾಮಾನ್ಯವಾಗಿ ಹೇಳುವುದು 20 ಡಿಗ್ರಿ ಸೆಲ್ಸಿಯಸ್. ಏಪ್ರಿಲ್‌ನಲ್ಲಿ ಬೆಂಗಳೂರಿನ ಬಾಗಿಲು ಮುಚ್ಚಿದ ಬಚ್ಚಲುಮನೆ 30ರ ಹತ್ತಿರ ಇರುತ್ತದೆ, ಅಲ್ವಾ? ಬಿಸಿಯಲ್ಲಿ ಚಿತ್ರವೂ ಬೇಗ ಮೂಡುತ್ತದೆ, ಡೆವಲಪರ್ ಸಾಯುವುದೂ ಬೇಗ. ಟ್ರೇಯನ್ನು ತಣ್ಣೀರಿನ ದೊಡ್ಡ ಟ್ರೇ ಒಳಗೆ ಇಡಿ. ಆ ನೀರಿಗೆ ಫ್ರೀಜರ್‌ನಲ್ಲಿಟ್ಟ ನೀರಿನ ಬಾಟಲಿ ಹಾಕಿ. ಐಸನ್ನು ಡೆವಲಪರ್ ಒಳಗೆ ಹಾಕಬೇಡಿ, ನೀರು ಬೆರೆತು ತೆಳುವಾಗುತ್ತದೆ. ತೀರಾ ತಣ್ಣಗೂ ಮಾಡಬೇಡಿ. 12–13 ಡಿಗ್ರಿಗಿಂತ ಕೆಳಗೆ ಹೈಡ್ರೋಕ್ವಿನೋನ್ ಕೆಲಸವನ್ನೇ ನಿಲ್ಲಿಸಿಬಿಡುತ್ತದೆ.

ಇಕ್ಕಳಗಳ ಬಗ್ಗೆ ಒಂದು ಮಾತು. ಡೆವಲಪರ್ ಇಕ್ಕಳ, ಚಿತ್ರ ಮೂಡುವುದನ್ನು ನಿಲ್ಲಿಸುವ ಮುಂದಿನ ಟ್ರೇಯ ಆಮ್ಲಕ್ಕೆ, ಅಂದರೆ ಸ್ಟಾಪ್ ಬಾತ್‌ಗೆ, ತಾಗಬಾರದು. ಪ್ರಿಂಟನ್ನು ಅದರೊಳಗೆ ಬೀಳಿಸಿ ಕೈ ಹಿಂದೆ ತೆಗೆಯಿರಿ. ಸ್ಟಾಪ್ ಬಾತ್‌ನ ಆಮ್ಲ ಹನಿಹನಿಯಾಗಿ ಬಂದರೂ ಸಂಜೆಯೊಳಗೆ ಡೆವಲಪರ್‌ನ ಕ್ಷಾರವನ್ನು ತಿನ್ನುತ್ತದೆ. ಚಿತ್ರವನ್ನು ಖಾಯಂ ಮಾಡುವ ಕೊನೆಯ ದ್ರಾವಣ, ಫಿಕ್ಸರ್, ಡೆವಲಪರ್‌ಗೆ ಬಿದ್ದರೆ ಕಲೆ ಬರುತ್ತದೆ.

ಈಗ ನಿಮ್ಮ ಪ್ರಶ್ನೆಯ ಮುಖ್ಯ ಭಾಗ. ಡೆವಲಪರ್ ಎಷ್ಟು ಸವೆದಿದೆ ಅಂತ ಅಳೆಯುವುದು ಹೇಗೆ? ಇಂಗ್ಲೆಂಡಿನ ಹೆರ್ಫೋರ್ಡ್‌ನ ಆಲ್ಫ್ರೆಡ್ ವಾಟ್ಕಿನ್ಸ್ ಹಿಂದೆ ಗಾಜಿನ ಪ್ಲೇಟುಗಳಿಗೆ ಒಂದು ಲೆಕ್ಕ ಕಂಡುಹಿಡಿದಿದ್ದರು. ಅದು ಪೇಪರ್‌ಗೂ ಚೆನ್ನಾಗಿ ಹೊಂದುತ್ತದೆ. ಹಾಳೆ ಮುಳುಗಿದ ಕ್ಷಣದಿಂದ ಮೊದಲ ಕಪ್ಪು ಕಾಣುವವರೆಗೆ ಸೆಕೆಂಡ್ ಎಣಿಸಿ. 15 ಸೆಕೆಂಡಿಗೆ ಕಂಡಿತು, ಒಟ್ಟು 90 ಸೆಕೆಂಡ್ ಇಟ್ಟಿರಿ, ಪ್ರಿಂಟ್ ಚೆನ್ನಾಗಿ ಬಂತು ಅಂದುಕೊಳ್ಳಿ. ಅಂದರೆ ಆರು ಪಟ್ಟು. ಎರಡು ಗಂಟೆಯ ನಂತರ ಮೊದಲ ಕಪ್ಪು 20 ಸೆಕೆಂಡಿಗೆ ಕಂಡರೆ 120 ಸೆಕೆಂಡ್ ಇಡಿ. ಎಕ್ಸ್‌ಪೋಷರ್ ಮುಟ್ಟಬೇಡಿ. ಎಕ್ಸ್‌ಪೋಷರ್ ಹೆಚ್ಚಿಸಿ ಸರಿಮಾಡಲು ಹೋದರೆ ಬಿಳಿ ಭಾಗ ಕೊಳೆಯಾಗುತ್ತದೆ, ಕಪ್ಪು ಮಾತ್ರ ಬರುವುದಿಲ್ಲ. ಮೊದಲ ಕಪ್ಪು ಕಾಣಲು ಬೆಳಗಿನ ಎರಡರಷ್ಟು ಹೊತ್ತು ಬೇಕಾದರೆ ನಾನು ಪೂರ್ತಿ ಬದಲಾಯಿಸುತ್ತೇನೆ.

ಆರ್‌ಸಿ ಪೇಪರ್‌ನಲ್ಲಿ (ಪ್ಲಾಸ್ಟಿಕ್ ಲೇಪ ಇರುವ ಫೋಟೋ ಪೇಪರ್) ಚಿತ್ರ ಬೇಗ ಮೂಡುವುದರಿಂದ ಈ ಎಣಿಕೆ ಕಷ್ಟ. ಅದಕ್ಕೆ ಬೆಳಿಗ್ಗೆಯೇ ಒಂದು ಹಾಳೆಯನ್ನು ಪಟ್ಟಿಗಳಾಗಿ ಕತ್ತರಿಸಿ, ಎಲ್ಲಕ್ಕೂ ಒಂದೇ ಎಕ್ಸ್‌ಪೋಷರ್ ಕೊಟ್ಟು ಕಪ್ಪು ಚೀಲದಲ್ಲಿಡಿ. ಒಂದನ್ನು ಆಗಲೇ ಡೆವಲಪ್ ಮಾಡಿ ತೊಳೆದು ಇಟ್ಟುಕೊಳ್ಳಿ. ಗಂಟೆಗೊಂದು ಪಟ್ಟಿ ಡೆವಲಪ್ ಮಾಡಿ, ಫಿಕ್ಸ್ ಆದ ಮೇಲೆ ಹೊರಗೆ ಬಿಳಿ ಬೆಳಕಲ್ಲಿ ಮೊದಲನೆಯದರ ಪಕ್ಕ ಹಿಡಿಯಿರಿ. ನೆನಪಿನ ಮೇಲೆ ಹೋಲಿಸಬೇಡಿ, ನೆನಪು ಇಲ್ಲಿ ನಂಬಿಕೆಗೆ ಯೋಗ್ಯವಲ್ಲ.

ಪಟ್ಟಿಗಳು ಸರಿಯಾಗಿದ್ದಾಗಲೇ ಹೊಸದು ಸೇರಿಸುತ್ತಾ ಬನ್ನಿ. ಒಂದೂವರೆ ಲೀಟರ್ ಟ್ರೇಯಲ್ಲಿ ನಾನು 8x10 ಅಳತೆಯ ಹತ್ತು ಹಾಳೆ ಆದ ಮೇಲೆ ಕಾಲು ಲೀಟರ್ ಹಳೆಯದನ್ನು ತೆಗೆದು, ಅಷ್ಟೇ ಹೊಸದನ್ನು ಸುರಿಯುತ್ತೇನೆ. ತೆಗೆದ ಕಾಲು ಲೀಟರ್ ಜೊತೆ ಬ್ರೋಮೈಡ್ ಹೋಗುತ್ತದೆ, ಬಂದದ್ದರ ಜೊತೆ ಹೊಸ ಸಲ್ಫೈಟ್ ಬರುತ್ತದೆ. ಸುಮ್ನೆ ಮೇಲೆ ಸುರಿದರೆ ಬ್ರೋಮೈಡ್ ಅಲ್ಲೇ ಉಳಿಯುತ್ತದೆ.

ಊಟಕ್ಕೆ ಹೋಗುವಾಗ ಟ್ರೇಯಲ್ಲಿ ಬಿಡಬೇಡಿ. ಬಾಟಲಿಗೆ ಕತ್ತಿನವರೆಗೆ ತುಂಬಿಸಿ ಮುಚ್ಚಿ. ಕಡಿಮೆ ಬಿದ್ದರೆ ಗಾಜಿನ ಗೋಲಿ ಹಾಕಿದರೆ ಮಟ್ಟ ಮೇಲೇರುತ್ತದೆ. ಸ್ಟಾಕ್ ಬಾಟಲಿಗೂ ಇದೇ ಉಪಾಯ. ಸಂಜೆ ಉಳಿದದ್ದನ್ನು ಮಾತ್ರ ಸ್ಟಾಕ್ ಬಾಟಲಿಗೆ ವಾಪಸ್ ಸುರಿಯಬೇಡಿ. ಮುಂದಿನ ಭಾನುವಾರಕ್ಕೆ ಎತ್ತಿಡಲೂ ಬೇಡಿ, ನೀರು ಬೆರೆಸಿದ ಡೆವಲಪರ್ ಅಷ್ಟು ದಿನ ಬದುಕುವುದಿಲ್ಲ.