ಮಾಡೆಲ್ ಕಟ್ಟುವ ತಮ್ಮನಿಗೆ ಹಬ್ಬದ ಉಡುಗೊರೆ ಏನು ಕೊಡಲಿ?

ಪ್ರಶ್ನೆ: ನನ್ನ ತಮ್ಮ ಬಿಡುವಿನ ವೇಳೆಯಲ್ಲಿ ಯುದ್ಧವಿಮಾನಗಳ ಪ್ಲಾಸ್ಟಿಕ್ ಸ್ಕೇಲ್ ಮಾಡೆಲ್‌ಗಳನ್ನು ಕಟ್ಟುತ್ತಾನೆ. ದೀಪಾವಳಿಗೆ ಒಂದು ಕಿಟ್ ಕೊಡಿಸೋಣವೆಂದರೆ ಬೆಲೆ ಕೇಳಿಯೇ ಗಾಬರಿಯಾಯಿತು. ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಅವನಿಗೆ ಏನು ಕೊಡಬಹುದು?

ಉತ್ತರ: ಕಿಟ್‌ನ ಯೋಚನೆಯನ್ನು ಬಿಟ್ಟುಬಿಡಿ. ಈ ಹವ್ಯಾಸದವರ ಮನೆಯಲ್ಲಿ ಇನ್ನೂ ಕಟ್ಟದ ಕಿಟ್‌ಗಳು ಅಟ್ಟದ ಮೇಲೋ ಮಂಚದ ಕೆಳಗೋ ಒಂದಷ್ಟು ಇದ್ದೇ ಇರುತ್ತವೆ (ನಮ್ಮ ಮನೆಯಲ್ಲಿ ಎರಡೂ ಕಡೆ ಇವೆ). ನೀವು ಆರಿಸಿ ತಂದದ್ದು ಅವುಗಳ ನಡುವೆ ಆಗಲೇ ಇದ್ದರೂ ಆಶ್ಚರ್ಯವಿಲ್ಲ. ಅಳತೆಯ ತೊಡಕು ಬೇರೆ. 1/72ರಲ್ಲಿ ಆರು ಅಡಿ ಒಂದು ಅಂಗುಲಕ್ಕೆ ಇಳಿಯುತ್ತದೆ, 1/48ರಲ್ಲಿ ನಾಲ್ಕು ಅಡಿ. ಬೆಂಗಳೂರಿನಲ್ಲಿ ತಯಾರಾಗುವ, 13.2 ಮೀಟರ್ ಉದ್ದದ ತೇಜಸ್ ವಿಮಾನವು ಮೊದಲನೆಯ ಅಳತೆಯಲ್ಲಿ ಸುಮಾರು 18 ಸೆಂಟಿಮೀಟರ್ ಇದ್ದರೆ, ಎರಡನೆಯದರಲ್ಲಿ ಇಪ್ಪತ್ತೇಳನ್ನು ದಾಟುತ್ತದೆ. ಒಂದೇ ಅಳತೆಯ ವಿಮಾನಗಳಿಂದ ಕಪಾಟು ತುಂಬಿಸುತ್ತಾ ಬಂದವನಿಗೆ ಇನ್ನೊಂದು ಅಳತೆಯ ವಿಮಾನವನ್ನು ಎಲ್ಲಿಡುವುದೆಂಬುದೇ ಚಿಂತೆಯಾದೀತು.

ಆದ್ದರಿಂದ ಖರ್ಚಾಗಿಹೋಗುವ ಅಥವಾ ಸವೆಯುವ ಸಾಮಾನುಗಳನ್ನು ಕೊಡಿ. ಅವು ಎರಡೆರಡಿದ್ದರೂ ಹೆಚ್ಚಾಗುವುದಿಲ್ಲ. ನನ್ನ ಮೊದಲ ಆಯ್ಕೆ ಅಂಟು. ಜಪಾನಿನ ಟಾಮಿಯಾ ಕಂಪನಿಯ ಎಕ್ಸ್‌ಟ್ರಾ ಥಿನ್ ಸಿಮೆಂಟ್ 40 ಮಿಲಿಲೀಟರಿನ ಗಾಜಿನ ಬಾಟಲಿಯಲ್ಲಿ ಬರುತ್ತದೆ. ಹಸಿರು ಮುಚ್ಚಳದ ಒಳಗೇ ಸಣ್ಣ ಕುಂಚವಿರುತ್ತದೆ. ರೆಕ್ಕೆಯ ಎರಡು ಹೋಳುಗಳನ್ನು ಒತ್ತಿ ಹಿಡಿದು ಕುಂಚದ ತುದಿಯನ್ನು ಸಂದಿಗೆ ತಾಗಿಸಿದರೆ ಸಾಕು, ನೀರಿನಂತಹ ಆ ದ್ರವವು ಸಂದಿಯುದ್ದಕ್ಕೂ ತಾನೇ ಓಡಿ, ಎರಡೂ ಬದಿಯ ಪ್ಲಾಸ್ಟಿಕ್ಕನ್ನು ಕರಗಿಸಿ ಬೆಸೆಯುತ್ತದೆ. ಮನೆಯಲ್ಲಿ ಬಳಸುವ ಸೂಪರ್ ಗ್ಲೂ ಈ ಕೆಲಸಕ್ಕೆ ಬದಲಿಯಲ್ಲ; ಅದರ ಆವಿ ತಗುಲಿದರೆ ಪೈಲಟ್ ಕೂರುವ ಜಾಗದ ಪಾರದರ್ಶಕ ಹೊದಿಕೆಗೆ ಬಿಳಿಯ ಮಬ್ಬು ಕವಿಯುತ್ತದೆ.

ಬಳಿಕ ನಿಪ್ಪರ್. ಕಿಟ್‌ನ ಬಿಡಿಭಾಗಗಳು ಒಂದು ಪ್ಲಾಸ್ಟಿಕ್ ಚೌಕಟ್ಟಿಗೆ ಅಂಟಿಕೊಂಡು ಬರುತ್ತವೆ, ಅವುಗಳನ್ನು ಒಂದೊಂದಾಗಿ ಕತ್ತರಿಸಿ ತೆಗೆಯಬೇಕು. ತಂತಿ ಕತ್ತರಿಸುವ ಸಾಮಾನ್ಯ ಕಟ್ಟರ್ ಪ್ಲಾಸ್ಟಿಕ್ಕನ್ನು ಜಜ್ಜುವುದರಿಂದ ಕತ್ತರಿಸಿದ ಜಾಗದಲ್ಲಿ ಬಿಳಿಯ ಗಾಯದಂತಹ ಕಲೆ ಉಳಿಯುತ್ತದೆ. ಬಣ್ಣದ ಪ್ಲಾಸ್ಟಿಕ್ಕಿನಲ್ಲಂತೂ ಅದು ಎದ್ದು ಕಾಣುತ್ತದೆ. ಒಂದು ಬದಿ ಪೂರ್ತಿ ಚಪ್ಪಟೆಯಾಗಿರುವ ಬಾಯಿಯ ನಿಪ್ಪರ್ ಕೇಳಿ ತೆಗೆದುಕೊಳ್ಳಿ. ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಕಡೆ ಎಲೆಕ್ಟ್ರಾನಿಕ್ಸ್ ಉಪಕರಣದ ಅಂಗಡಿಗಳಲ್ಲಿ ಸಿಗುವುದು ಹೆಸರಾಂತ ಮಾಡೆಲಿಂಗ್ ನಿಪ್ಪರ್‌ಗಳಷ್ಟು ನಯವಲ್ಲವಾದರೂ ಬೆಲೆಗೆ ತಕ್ಕ ಕೆಲಸ ಮಾಡುತ್ತದೆ. ಚೂಪಾದ ಚಿಮಟವೂ ಅಲ್ಲೇ ಸಿಕ್ಕೀತು.

ಹಣ ಉಳಿದರೆ ವಾಹನಗಳ ಪೇಂಟ್ ಅಂಗಡಿಯಿಂದ 400, 600, 1000 ಮತ್ತು 2000 ಸಂಖ್ಯೆಯ, ಪ್ಲಾಸ್ಟಿಕ್ಕನ್ನು ಉಜ್ಜಿ ನಯಗೊಳಿಸುವ ವಾಟರ್ ಪೇಪರ್‌ಗಳನ್ನು ತಂದು, ಬೆರಳುದ್ದದ ಪಟ್ಟಿಗಳಾಗಿ ಕತ್ತರಿಸಿ, ಪ್ರತಿಯೊಂದರ ಹಿಂದೆ ಸಂಖ್ಯೆ ಬರೆದು ಡಬ್ಬಿಯಲ್ಲಿ ಹಾಕಿಕೊಡಿ. ನೋಡಲು ಉಡುಗೊರೆಯಂತೆ ಕಾಣದಿದ್ದರೂ ಅವನು ದಿನವೂ ಕೈಹಾಕುವ ಡಬ್ಬಿ ಅದೇ ಆಗುತ್ತದೆ. ಬಣ್ಣ ತಾಗಬಾರದ ಜಾಗವನ್ನು ಮುಚ್ಚಲು ಅಂಟಿಸುವ, ಆರು ಮಿಲಿಮೀಟರ್ ಅಗಲದ ಮಾಸ್ಕಿಂಗ್ ಟೇಪ್ ಕೂಡ ಆದೀತು.

ಬಣ್ಣವನ್ನು ಮಾತ್ರ ಕೇಳದೆ ಕೊಳ್ಳಬೇಡಿ. ಅಕ್ರಿಲಿಕ್, ಎನಾಮೆಲ್, ಲ್ಯಾಕರ್ ಎಂಬ ಬಗೆಗಳಿಗೆ ಬೇರೆ ಬೇರೆ ತಿನ್ನರ್‌ಗಳು ಬೇಕು, ಮತ್ತು ಎನಾಮೆಲ್ ಮೇಲೆ ಲ್ಯಾಕರ್ ಬಳಿದರೆ ಕೆಳಗಿನ ಪದರವೇ ಸುಕ್ಕುಗಟ್ಟಬಹುದು. ಇನ್ನೊಂದು ಮಾತು: ಅಂಟು, ತಿನ್ನರ್‌ಗಳು ಬೇಗ ಬೆಂಕಿ ಹತ್ತುವ ಸರಕುಗಳಾದ್ದರಿಂದ ವಿಮಾನದ ಕೊರಿಯರ್‌ನಲ್ಲಿ ಅವುಗಳಿಗೆ ನಿರ್ಬಂಧವಿದೆ, ಆನ್‌ಲೈನ್‌ನಲ್ಲಿ ತರಿಸುವುದಾದರೆ ಹಬ್ಬಕ್ಕೆ ಎರಡು ಮೂರು ವಾರ ಮುಂಚೆಯೇ ತರಿಸಿ.

ನೀವು ಬೆಂಗಳೂರಿನಲ್ಲಿದ್ದರೆ ಇನ್ನೂ ಅಗ್ಗದ ಒಂದು ದಾರಿಯಿದೆ. ಎಚ್‌ಎಎಲ್ ವಸ್ತುಸಂಗ್ರಹಾಲಯದಲ್ಲಿ, 1961ರಲ್ಲಿ ಇದೇ ಊರಿನಲ್ಲಿ ಮೊದಲ ಬಾರಿ ಹಾರಿದ ಮಾರುತ್ ಎಂಬ ಬಗೆಯ ನಿಜವಾದ ಯುದ್ಧವಿಮಾನವೊಂದನ್ನು ನಿಲ್ಲಿಸಿದ್ದಾರೆ. ಇಡೀ ವಿಮಾನದ ಚಿತ್ರ ಅವನಿಗೆ ಎಲ್ಲೆಂದರಲ್ಲಿ ಸಿಗುತ್ತದೆ. ಮಾಡೆಲ್ ಕಟ್ಟುವಾಗ ನೋಡಿಕೊಳ್ಳಲು ಬೇಕಾಗಿ, ಸಿಗದಿರುವುದು ಚಕ್ರ ಮಡಚಿಕೊಳ್ಳುವ ಗೂಡಿನ ಒಳಭಾಗ, ಹೊಗೆ ಕೊಳವೆಯ ಅಂಚು, ಬಣ್ಣ ಮಾಸಿದ ರಿವೆಟ್ ಸಾಲು. ಮೊಣಕಾಲೂರಿ ಅಂಥವುಗಳ ಇಪ್ಪತ್ತು ಫೋಟೊ ತೆಗೆದು, ಸ್ಟುಡಿಯೊದಲ್ಲಿ ಪ್ರಿಂಟ್ ಹಾಕಿಸಿ, ಅಂಟಿನ ಬಾಟಲಿಯ ಜೊತೆಗೆ ಕೊಡಿ.